ಅರ್ಧ ಗುಳಿಗೆ

ಪ್ರತ್ಯೇಕ ತೆಲಂಗಾಣ ಬೇಕೆಂಬ ಮುಷ್ಕರಕ್ಕೆ, ಅಲ್ಲಿಯವರ ಮಾತಿನಲ್ಲಿ ಸಮ್ಮೆಗೆ, ಬಸ್ಸು ನಿಂತಾಗಿನಿಂದ ಕೊಹೀರ್ ಹತ್ತಿರದ ಆ ಊರಿನ ಹೆಂಗಸರ ಬಾಯಲ್ಲಿ ಒಂದೇ ಮಾತು: ಇದ್ದುದರಲ್ಲೇ ಪೂರೈಸಬೇಕು. ಸ್ವರೂಪಾ ಚಹಾಪುಡಿ ಚಿಟಿಕೆ ಕಮ್ಮಿ ಹಾಕಿದಳು, ಬೇಳೆಗೆ ನೀರು ಹೆಚ್ಚು ಹೊಯ್ದಳು. ಆಮೇಲೆ ಅರಿಶಿಣದ ಡಬ್ಬಿಯ ಹಿಂದಿದ್ದ ಗುಳಿಗೆ ಬಾಟಲಿ ಅಲ್ಲಾಡಿಸಿದಳು. ತಳದಲ್ಲಿ ನಾಲ್ಕಾರು ಸದ್ದು ಮಾಡಿದವು. ಎಚ್‌ಐವಿಯ ಗುಳಿಗೆ ಅವು. ಸಿಗುವುದು ಜಹೀರಾಬಾದಿನ ದವಾಖಾನೆಯಲ್ಲಿ. ಒಂದನ್ನು ಅಡಕತ್ತರಿಗೆ ಕೊಟ್ಟು ಎರಡು ತುಂಡು ಮಾಡಿದಳು.

ಅಷ್ಟರಲ್ಲಿ ಭೂದೇವಿ ಒಳಗೆ ಬಂದಳು. ಅವಳೂ ಅದೇ ಗುಳಿಗೆ ನುಂಗುತ್ತ ಬಾಳುತ್ತಿರುವವಳು. ಈಗ ದವಾಖಾನೆಯ ಪರವಾಗಿ ಮನೆ ಮನೆಗೆ ಹೋಗಿ ವಿಚಾರಿಸುವವಳು.

"ಅಡಕಿ ಇಲ್ಲದ ಮನ್ಯಾಗ ಅಡಕತ್ತರಿಗಿ ಬಿಳಿ ಪುಡಿ ಹೆಂಗ ಹತ್ತಿತವ್ವಾ?"

ಸ್ವರೂಪಾ ಸೆರಗಿನಿಂದ ಒರೆಸಿದಳು. "ಬಸ್ಸಿಲ್ಲ ಅಕ್ಕಾ. ಅರ್ಧರ್ಧ ತಗೊಂಡ್ರ ಸಮ್ಮೆ ಮುಗಿಯೋತನ ಸಾಕಾಗ್ತಾವಂತ..."

"ಚಹಾಪುಡಿ ಕಮ್ಮಿ ಆದ್ರ ಚಹಾ ತೆಳ್ಳಗಾಗ್ತದ, ಅಷ್ಟೇ. ಗುಳಿಗಿ ಕಮ್ಮಿ ಆದ್ರ ಒಳಗಿನ ವೈರಸ್ಸಿಗಿ ಸೊಕ್ಕು ಬರ್ತದ. ಆಮ್ಯಾಲ ಇಡೀ ಗುಳಿಗಿಗೂ ಅದು ಅಂಜಂಗಿಲ್ಲ. ಯಾವಾಗಿಂದ ನಡದದ ಇದು?"

"ಇವತ್ತೇ ಮೊದಲು. ನುಂಗಿಲ್ಲ ಇನ್ನಾ."

"ಚಲೋ ಆತು. ಎರಡೂ ತುಂಡು ನುಂಗು. ನಾಳಿ ದವಾಖಾನಿಗಿ ಹೋಗ್ರಿ."

ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದ ಗಂಡ ಜೈಪಾಲ ನಕ್ಕ. "ಹೆಂಗ ಹೋಗಬೇಕಕ್ಕಾ? ಕ್ರಾಸಿನಾಗ ನಾವೇ ರಸ್ತಾ ಬಂದ್ ಮಾಡಿ ನಡುವೇ ಒಲಿ ಹೂಡಿ ಕುಂತೀವಿ."

"ಹಾಲಿಗಿ, ದವಾಖಾನಿಗಿ ದಾರಿ ಬಿಡ್ತೀವಂತ ಮೈಕಿನಾಗ ಒದರಾಂವ ನೀನೇ ಅಲ್ಲೇನಪಾ?"

ಜೈಪಾಲನ ದನಿ ಇಳಿಯಿತು. "ಯಾಕಂತ ಕೇಳಿದ್ರ?"

ಸ್ವರೂಪಾಳ ಅಂಜಿಕೆಯೂ ಅದೇ. ಊರಿಗೆ ಗೊತ್ತಾದರೆ ಏನು ಗತಿ?

"ದವಾಖಾನಿಗಿ ಅಂದ್ರ ಸಾಕು. ಬಸುರಿಗಿ ಎಷ್ಟನೇ ತಿಂಗಳಂತ ಕೇಳಿ ದಾರಿ ಬಿಡ್ತೀರೇನು? ಮತ್ತ ನೀನೂ ಗುಳಿಗಿ ಶುರು ಮಾಡು. ನಿನ್ನ ರಕ್ತ ನೋಡಿ ಡಾಕ್ಟರು ಆಗೇ ಹೇಳ್ಯಾರ."

"ನಾ ಜೋಳದ ಚೀಲ ಹೊರ್ತೀನಿ. ನನಗ್ಯಾಕ ಈಗೇ? ಬಿದ್ದಾಗ ನೋಡಮು."

"ನಾ ಬಿದ್ದಮ್ಯಾಲೇ ಹೋದಾಕಿ," ಎಂದಳು ಭೂದೇವಿ ಮೆಲ್ಲಗೆ. "ಹೊತ್ಕೊಂಡು ಹೋದ್ರು. ನಾ ಉಣಿಸಬೇಕಾದ ಮಗಳು ನನಗ ಗಂಜಿ ಕುಡಿಸಿದಳು. ಏಳಾಕ ಭಾಳ ದಿನ ಹಿಡೀತು. ನೀ ಗಟ್ಟಿ ಇದ್ದಾಗೇ ಹೋಗು."

ಜೈಪಾಲ ಹೆಂಡತಿಯ ಮುಖ ನೋಡಿದ. ಮರುದಿನ ಮುಂಜಾನೆ ಅವಳಿಗಿಂತ ಮೊದಲು ಎದ್ದು ಮೋಟರ್ ಸೈಕಲ್ ಒರೆಸಿದ.

ಕ್ರಾಸಿನಲ್ಲಿ ಸಮ್ಮೆಗೆ ಕೂತವರಿಗಾಗಿ ಊರಿನ ಹಿರಿಯ ರೇವಪ್ಪ ದೊಡ್ಡ ಪಾತ್ರೆಯಲ್ಲಿ ಖಿಚಡಿ ತಿರುವುತ್ತಿದ್ದ. "ಎಲ್ಲಿಗೋ ಜೈಪಾಲ, ಜೋಡಿಲೇ?"

"ದವಾಖಾನಿಗಿ ಕಾಕಾ."

ಸ್ವರೂಪಾ ಗಂಡನ ಅಂಗಿ ಬಿಗಿಯಾಗಿ ಹಿಡಿದಳು. ರೇವಪ್ಪ ರಸ್ತೆಗೆ ಅಡ್ಡ ಇಟ್ಟಿದ್ದ ಕಲ್ಲನ್ನು ಕಾಲಿನಿಂದಲೇ ಸರಿಸಿದ. "ಬರೂವಾಗ ಉಂಡು ಹೋಗ್ರಿ. ತಡಾ ಆದ್ರ ತಳಾ ಹತ್ತಿದ್ದೇ ಸಿಗ್ತದ ನೋಡು."

ಅಷ್ಟೇ. ಇಷ್ಟಕ್ಕೆ ಅಂಜಿ ಗುಳಿಗೆ ತುಂಡು ಮಾಡಿದೆನಲ್ಲ ಎಂದು ಅವಳ ಕಣ್ಣು ತುಂಬಿತು.

ದವಾಖಾನೆಯಲ್ಲಿ ಅವಳಿಗೆ ಹೊಸ ಬಾಟಲಿ ಸಿಕ್ಕಿತು, ಜೈಪಾಲನಿಗೆ ಮೊದಲನೆಯದು. ಬರುವಾಗ ತಳ ಹತ್ತಿದ ಖಿಚಡಿಯನ್ನೇ ಇಬ್ಬರೂ ಎಲ್ಲರ ಸಾಲಿನಲ್ಲಿ ಕೂತು ಉಂಡರು.

ಸಂಜೆ ಜೈಪಾಲ ಕರೆದ. "ಏ, ಟೈಮಾತು." ಅಂಗೈಯಲ್ಲಿ ಇಡೀ ಗುಳಿಗೆ ಎರಡು: ಒಂದು ಅವಳದು, ಒಂದು ಅವನದು. ಅಡಕತ್ತರಿ ಭೂದೇವಿಯ ಮನೆ ಸೇರಿತ್ತು; ಅಡಿಕೆ ತಂದ ದಿನ ಕೊಡುತ್ತೇನೆಂದು ಒಯ್ದಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಮೈ ಸೋಲುವ ತನಕ ಕಾಯಬೇಡಿರಿ. ರಕ್ತ ಪರೀಕ್ಷೆ ಮಾಡಿಸಿರಿ. ಎಚ್‌ಐವಿ ಇದ್ದರೆ ಡಾಕ್ಟರು ಹೇಳಿದಾಗಲೇ ಗುಳಿಗೆ ಶುರು ಮಾಡಿರಿ. ಸರ್ಕಾರಿ ದವಾಖಾನೆಯಲ್ಲಿ ಅದು ಉಚಿತ. ಮೈ ಹಗುರಾಯಿತೆಂದು ಬಿಡಬೇಡಿರಿ, ಉಳಿಸಲೆಂದು ಮುರಿಯಬೇಡಿರಿ. ಗುಳಿಗೆ ತೀರುವ ಮೊದಲೇ ದವಾಖಾನೆಗೆ ತಿಳಿಸಿರಿ. ನಿಮ್ಮ ಊರಿನಲ್ಲಿ ಯಾರಾದರೂ ದವಾಖಾನೆಗೆ ಹೊರಟರೆ ಯಾಕೆಂದು ಕೇಳಬೇಡಿರಿ. ಕಲ್ಲು ಸರಿಸಿರಿ, ಊಟಕ್ಕೆ ಕರೆಯಿರಿ.