ತಲೆಯ ಮೇಲಿನ ಬೆಸುಗೆ

ಬಿಳಿ ಕಾರಿನ ಅಡಿಗೆ ಅಂಗಾತ ಮಲಗಿದ್ದ ಬೊಮ್ಮಯ್ಯ ಸಣ್ಣ ಸುತ್ತಿಗೆಯಿಂದ ತಳದ ತಗಡನ್ನು ಗೇಣಿಗೊಂದು ಕಡೆ ಬಡಿಯುತ್ತ, ಸದ್ದಿಗೆ ಕಿವಿಗೊಡುತ್ತ ಹಿಂದಕ್ಕೆ ಜರುಗುತ್ತಿದ್ದ. ಟಣ್ ಎಂದರೆ ಗಟ್ಟಿ, ತೊಪ್ ಎಂದರೆ ತುಕ್ಕು. ಹಿಂದಿನ ಚಕ್ರದವರೆಗೂ ಟಣ್ ಎಂದೇ ಬಂತು.

"ಹೊಳೆ ನೀರು ಕುಡ್ದ ಗಾಡಿ ಅಲ್ಲಲಾ ಭಟ್ರೆ?" ಅಡಿಯಿಂದಲೇ ಕೇಳಿದ.

"ನೆರೆ ಬಂದ ವರ್ಷ ಇದನ್ನ ಮೇಲೆ ಗುಡ್ಡಕ್ಕೆ ಹೊಡ್ಕಂಡು ಹೋಗಿ ನಿಲ್ಸಿದ್ದೆ ಮಾರಾಯ. ಮನೆ ಸಾಮಾನೆಲ್ಲ ಹೋತು, ಗಾಡಿ ಉಳೀತು. ಹೆಂಡತಿ ಇವತ್ತಿಗೂ ಅದನ್ನೇ ಆಡ್ತಾಳೆ," ಎಂದರು ಕಾರಿನ ಯಜಮಾನ ಹೇರಂಬ ಭಟ್ಟರು. ಸುಂಕಸಾಳದಲ್ಲಿ ಹೆದ್ದಾರಿಗೆ ತಾಗಿದ ಅವರ ಶೆಡ್ಡಿನಲ್ಲಿ ಆ ಕಾರು ಎರಡು ವರ್ಷದಿಂದ ನಿಂತೇ ಇತ್ತು.

ಬೊಮ್ಮಯ್ಯನ ಮಗಳು ರಕ್ಷಿತಾ ಬಾನೆಟ್ ಎತ್ತಿ ಇಂಜಿನ್ ನೋಡುತ್ತಿದ್ದಳು. ಇಪ್ಪತ್ತೇಳರ ಹುಡುಗಿ, ಕಾರವಾರದ ಒಂದು ಕಾರು ಶೋರೂಮಿನ ಸರ್ವಿಸ್ ವಿಭಾಗದಲ್ಲಿ ಕೆಲಸ. ಹೋದ ವರ್ಷ ಗೆಳತಿಯೊಬ್ಬಳ ಗಾಡಿಯಲ್ಲಿ ಕೊಯಮತ್ತೂರಿನ ರೇಸ್ ಟ್ರ್ಯಾಕಿನ ಮೇಲೆ ಒಂದು ದಿನ ಓಡಿಸಿ, ನಲವತ್ತು ಗಂಡಸರ ನಡುವೆ ಮೂರನೆಯವಳಾಗಿ ಬಂದಿದ್ದಳು. ಅಂದಿನಿಂದ ಅವಳಿಗೆ ತನ್ನದೇ ಗಾಡಿಯ ಕನಸು. ಹಿಂದಿನ ಭಾನುವಾರ ಅಪ್ಪ ಮಗಳು ಶಿರವಾಡದಲ್ಲಿ ಒಂದು ಕೆಂಪು ಕಾರನ್ನೂ ನೋಡಿ ಬಂದಿದ್ದರು. ಹೊಸದು, ಒಳ್ಳೆ ಓಟದ್ದು. ಆದರೆ ಅದರ ಒಂದು ಜೊತೆ ಬ್ರೇಕಿಗೆ ಸುರಿಯುವ ದುಡ್ಡಿನಲ್ಲಿ ಈ ಬಿಳಿ ಗಾಡಿಯ ಇಡೀ ಗೇರ್‌ಬಾಕ್ಸೇ ಸಿಗುತ್ತಿತ್ತು.

"ಗಾಡಿ ತಕಣೂದು ದೊಡ್ಡದಲ್ಲ ಅಪ್ಪಾ, ಅದ್ರ ಹೊಟ್ಟೆ ತುಂಬ್ಸೂದು ದೊಡ್ಡದು," ಎಂದಿದ್ದಳು ವಾಪಸು ಬರುವಾಗ. ಎರಡು ದಿನ ಟ್ರ್ಯಾಕಿನಲ್ಲಿ ಓಡಿದರೆ ಟೈರು ಬೋಳು. ಸೀಟು, ಆರು ಪಟ್ಟಿಯ ಬೆಲ್ಟು, ಬೆಂಕಿ ತಾಗದ ಬಟ್ಟೆ, ಗಾಡಿಯನ್ನು ಅಲ್ಲಿಯವರೆಗೆ ಸಾಗಿಸುವ ಲಾರಿ, ಯಾವುದನ್ನೂ ಬಿಡುವಂತಿರಲಿಲ್ಲ. ಏನನ್ನಾದರೂ ಬಿಡಲೇಬೇಕೆಂದರೆ ಓಟದ ಜೋರನ್ನೇ ಬಿಡುತ್ತೇನೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

"ಅಲ್ಲ ತಂಗಿ, ಅಷ್ಟು ಜೋರಲ್ಲಿ ಗಾಡಿ ಪಲ್ಟಿ ಆದ್ರೆ ಏನು ಗತಿ?" ಭಟ್ಟರು ಕೇಳಿದರು.

"ಒಳಗೆ ಪೈಪಿನ ಪಂಜರ ಕಟ್ತಾರೆ ಭಟ್ರೆ. ಗಾಡಿ ಉರುಳಿದ್ರೂ ಮೇಲಿನ ಮಾಡು ಕುಸ್ಯೂದಿಲ್ಲ. ಕೊಯಮತ್ತೂರಲ್ಲಿ ಕಟ್ಸಿದ್ರೆ ಗಾಡಿಗಿಂತ ಅದ್ರದ್ದೇ ಖರ್ಚು ಹೆಚ್ಚಾಗ್ತದೆ. ನಂಗೆ ಅದ್ರ ಚಿಂತೆ ಇಲ್ಲ, ನಮ್ಮಪ್ಪ ಮಾಡ್ತಾನೆ. ಬೈತಖೋಲ ಬಂದರದ ಬೋಟುಗಳು ಮೂವತ್ತು ವರ್ಷ ಅಪ್ಪನ ವೆಲ್ಡಿಂಗ್ ಮೇಲೇ ಸಮುದ್ರಕ್ಕೆ ಹೋಗಿ ಬಂದಾವೆ."

ಕಾರಿನ ಅಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಬೊಮ್ಮಯ್ಯ ಹೊರಗೆ ಬಂದು ಬೆನ್ನಿನ ಮಣ್ಣು ಕೊಡವಿಕೊಂಡ. ಭಟ್ಟರು ಅವನನ್ನು ಹೊಸದಾಗಿ ನೋಡುವವರಂತೆ ನೋಡುತ್ತಿದ್ದರು.

"ಮಾಡ್ತೆ," ಎಂದ.

ಅವನ ಎಡಗಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಬಂದರದ ಕೆಲಸ ಬಿಟ್ಟು ಅಂಕೋಲೆಯ ಮನೆಯ ಪಕ್ಕದಲ್ಲೇ ಶೆಡ್ಡು ಹಾಕಿದ್ದಕ್ಕೆ ಅವನು ಎಲ್ಲರಿಗೂ ಹೇಳಿದ್ದು ಸೊಂಟನೋವಿನ ಕಾರಣ. ಬೆಂಕಿಯ ಬೆಳಕಿನಲ್ಲಿ ಬೆಸುಗೆಯ ಗೆರೆ ಅವನಿಗೆ ಒಮ್ಮೊಮ್ಮೆ ಎರಡಾಗಿ ಕಾಣುತ್ತಿತ್ತು. ಆಗ ಅವನು ಕಿವಿಯನ್ನು ನಂಬುತ್ತಿದ್ದ. ಕಾದ ಎಣ್ಣೆಗೆ ಬಂಗಡೆ ಮೀನು ಬಿಟ್ಟಂತೆ ಒಂದೇ ಸಮನೆ ಚುರುಗುಟ್ಟಿದರೆ ಬೆಸುಗೆ ಸರಿಯಾಗಿದೆ ಎಂದರ್ಥ. ಗೇಟು, ಕಿಟಕಿಯ ಸರಳು, ಅಂಗಡಿಯ ಮಾಡು ಎಲ್ಲವನ್ನೂ ಹಾಗೆಯೇ ಮಾಡಿಕೊಟ್ಟಿದ್ದ. ಯಾವ ದೂರೂ ಬಂದಿರಲಿಲ್ಲ. ಗೇಟು ಕಳಚಿ ಬಿದ್ದರೆ ಹೆಚ್ಚೆಂದರೆ ಒಂದು ದನ ಒಳಗೆ ಬಂದೀತು.

ಕೊಂಡ ಬಿಳಿ ಕಾರು ಅಂಕೋಲೆಯ ಶೆಡ್ಡಿಗೆ ಬಂತು. ರಕ್ಷಿತಾ ರಜೆಯ ದಿನಗಳಲ್ಲೆಲ್ಲ ಕೂತು ಹಿಂದಿನ ಸೀಟು, ನೆಲದ ಹಾಸು, ಬಾಗಿಲ ಒಳಹೊದಿಕೆಗಳನ್ನು ಬಿಚ್ಚಿ ತೆಗೆದಳು. ಬೊಮ್ಮಯ್ಯ ಪೈಪು ಬಗ್ಗಿಸಿದ. ಅವಳಿಗೆ ಹೆಲ್ಮೆಟ್ ಹಾಕಿಸಿ ಕೂರಿಸಿ, ತಲೆಯಿಂದ ಮೇಲಿನ ಪೈಪಿಗೆ ಎಷ್ಟು ಎಡೆ ಇದೆಯೆಂದು ಬೆರಳಿಟ್ಟು ಅಳೆದ. ನಾಲ್ಕು ಬೆರಳು. ಇನ್ನೊಮ್ಮೆ ಅಳೆದ. ಮಾಡಿನ ಮೂಲೆಯಲ್ಲಿ ಪೈಪುಗಳು ಸೇರುವ ಕೂಡುಗಳಿಗೆ ಅವನು ಕತ್ತು ತಿರುಚಿ ಎಡಮಗ್ಗುಲಿಂದಲೇ ಕೈ ತೂರಿಸಿ, ಎಡಗಣ್ಣಿನಿಂದಲೇ ನೋಡಬೇಕಿತ್ತು. ಅಲ್ಲಿ ಚುರುಗುಟ್ಟುವ ಸದ್ದು ತಗಡಿಗೆ ಬಡಿದು ಕಲಸಿಹೋಗುತ್ತಿತ್ತು.

ಐದು ವಾರಕ್ಕೆ ಪಂಜರ ಮುಗಿಯಿತು. ಮೊದಲಿನಿಂದ ರೇಸ್ ಬೇಡವೆಂದು ಹಟ ಹಿಡಿದಿದ್ದ ಹೆಂಡತಿ ಲಲಿತಾ ಚಹಾ ತಂದವಳು ಬಾಗಿಲಲ್ಲಿ ಬಗ್ಗಿ ನೋಡಿ, ಒಂದು ಪೈಪನ್ನು ಹಿಡಿದು ಜಗ್ಗಿದಳು.

"ನೀವು ಕಟ್ಟಿದ್ದು ಅಂದ್ಮೇಲೆ ಇನ್ನು ನಂಗೆ ಹೆದ್ರಿಕೆ ಇಲ್ಲ," ಎಂದು ಲೋಟ ಕೊಟ್ಟು ಹೋದಳು.

ಆ ಮಾತು ಬೊಮ್ಮಯ್ಯನಿಗೆ ಚಹಾದ ಜೊತೆ ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಮಗಳು ಕೆಲಸಕ್ಕೆಂದು ಕಾರವಾರದ ಬಸ್ಸು ಹತ್ತಿದ ಮೇಲೆ ಅವನು ಉಳಿದ ಪೈಪಿನ ತುಂಡುಗಳನ್ನು ಜೊತೆ ಮಾಡಿಕೊಂಡ. ಒಂದು ಜೊತೆಯನ್ನು ಮಾಡಿನ ಮೂಲೆಯ ಎತ್ತರಕ್ಕೆ ಕಟ್ಟಿ, ಅದೇ ತಿರುಚಿದ ಕತ್ತಿನಲ್ಲಿ ಬೆಸೆದ. ಆರಿದ ಮೇಲೆ ವೈಸಿನ ದವಡೆಗೆ ಸಿಕ್ಕಿಸಿ ಬಿಗಿದು ದೊಡ್ಡ ಸುತ್ತಿಗೆಯಿಂದ ಹೊಡೆದ. ಐದನೆಯ ಪೆಟ್ಟಿಗೆ ಅದು ಬಿಟ್ಟುಕೊಂಡಿತು. ಪೈಪು ಹರಿದಿರಲಿಲ್ಲ. ಬೆಸುಗೆಯೇ ಹಲಸಿನ ತೊಳೆಯ ಹಾಗೆ ಅಖಂಡವಾಗಿ ಬಿಡಿಸಿಕೊಂಡು ಬಂದಿತ್ತು. ಒಂದು ಪೈಪಿಗೆ ಕಚ್ಚಿಕೊಂಡಿತ್ತು, ಇನ್ನೊಂದರ ಮೇಲೆ ಬರೀ ಮಲಗಿತ್ತು. ಎರಡನೆಯ ಜೊತೆ ಗಟ್ಟಿ ನಿಂತಿತು. ಮೂರನೆಯದು ಮತ್ತೆ ಬಿಟ್ಟಿತು.

ಅವನು ತುಂಡುಗಳನ್ನು ಗೋಣಿಯಲ್ಲಿ ಸುತ್ತಿ ಗ್ಯಾಸ್ ಸಿಲಿಂಡರಿನ ಹಿಂದೆ ಇಟ್ಟ. ಪಂಜರದಲ್ಲಿ ಒಟ್ಟು ಮೂವತ್ತೆರಡು ಕೂಡು. ಹೊರಗಿನಿಂದ ಎಲ್ಲವೂ ಒಂದೇ ರೀತಿ, ಹೆರಳು ಹೆಣೆದಷ್ಟು ಚಂದ. ಟ್ರ್ಯಾಕಿನಲ್ಲಿ ತಪಾಸಣೆ ಮಾಡುವವರೂ ಹೊರಗಿನದನ್ನೇ ತಾನೆ ನೋಡುವುದು? ಮೂಲೆಯ ಕೂಡುಗಳಿಗಷ್ಟೇ ಇನ್ನೊಂದು ಸುತ್ತು ಬೆಸುಗೆ ಹಾಕಿದರೆ? ಹಾಕಬಹುದು. ಆದರೆ ಹಾಕುವ ಕಣ್ಣು ಇದೇ ಅಲ್ಲವೇ. ಅವಳು ಎಂದಾದರೂ ಗಾಡಿ ಉರುಳಿಸಿದ್ದುಂಟೇ? ಇಲ್ಲ. ಉರುಳಿಸಿದರೆ? ಮಂಗಳವಾರವಿಡೀ ಅವನು ಈ ಲೆಕ್ಕವನ್ನೇ ತಿರುವಿಹಾಕಿದ. ಸಂಜೆ ಹೇಳೋಣವೆಂದುಕೊಂಡಾಗ ಮಗಳು ಕೊಯಮತ್ತೂರಿನ ರೇಸಿಗೆ ಪ್ರವೇಶಪತ್ರ ಬಂದ ಖುಷಿಯಲ್ಲಿ ಇದ್ದಳು. ಬುಧವಾರ ಬೆಳಿಗ್ಗೆ ಅವಳು ಗಾಡಿಯ ಓಟ ನೋಡುತ್ತೇನೆಂದು ಹೆದ್ದಾರಿಯಲ್ಲಿ ಹಟ್ಟಿಕೇರಿಯವರೆಗೆ ಹೊರಟಳು. ಅವನು ಗೇಟು ತೆರೆದ. ಅವಳು ವಾಪಸು ಬರುವ ಇಪ್ಪತ್ತು ನಿಮಿಷ ಗೇಟಿನ ಸರಳು ಹಿಡಿದೇ ನಿಂತಿದ್ದ. ಹೆದ್ದಾರಿಯ ಒಂದೊಂದು ಹಾರ್ನಿಗೂ ರಸ್ತೆಯತ್ತ ಕತ್ತು ಚಾಚುತ್ತಿದ್ದ.

ಗುರುವಾರ ರಜೆ ಹಾಕಿದ ರಕ್ಷಿತಾ ಪಂಜರಕ್ಕೆ ಬಳಿಯಲು ಹಳದಿ ಬಣ್ಣದ ಡಬ್ಬಿ, ಕುಂಚ ಹಿಡಿದು ಶೆಡ್ಡಿಗೆ ಬಂದಳು. ರೇಸಿಗೆ ಹತ್ತು ದಿನ ಉಳಿದಿತ್ತು. ಅವಳು ಡಬ್ಬಿಯ ಮುಚ್ಚಳ ಎಬ್ಬಿಸುವುದನ್ನು ಬೊಮ್ಮಯ್ಯ ನೋಡಿದ. ಬಣ್ಣ ಬಿದ್ದರೆ ಮುಗಿಯಿತು, ತಾನು ಹೇಳುವುದೂ ಮುಗಿಯಿತು.

"ಬಣ್ಣ ಬಳೀಬೇಡ ಮಗಾ."

"ಎಂತಕೆ? ಇವತ್ತು ಬಳ್ದ್ರೆ ನಾಳೆಗೆ ಒಣಗ್ತದೆ."

ಅವನು ಗೋಣಿ ತಂದು ಬಾನೆಟ್ಟಿನ ಮೇಲೆ ಬಿಚ್ಚಿದ. ರಕ್ಷಿತಾ ತುಂಡುಗಳನ್ನು ಎತ್ತಿ ನೋಡಿದಳು. ಬೆಸುಗೆ ಬಿಟ್ಟುಹೋದ ಕಡೆ ನುಣ್ಣಗಿದ್ದ ಪೈಪಿನ ಮೇಲೆ ಹೆಬ್ಬೆರಳು ಆಡಿಸಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಯಾವ್ಯಾವ್ದು ಹಿಂಗಾಗದೆ?"

"ಗೊತ್ತಿಲ್ಲ. ಎಡಗಣ್ಣು ಎರಡು ವರ್ಷದಿಂದ ಸಮ ಕಾಣೂದಿಲ್ಲ. ಯಾವ್ದು ಹಿಡ್ದದೆ, ಯಾವ್ದು ಬಿಟ್ಟದೆ, ನಂಗೇ ಗೊತ್ತಿಲ್ಲ."

"ಸುಂಕಸಾಳದಲ್ಲೇ ಹೇಳ್ಬಹುದಿತ್ತಲಾ."

"ನೀ ಭಟ್ರ ಎದ್ರಿಗೆ ಹಂಗೆ ಹೇಳ್ದೆ..."

"ಇದು ಯಾವಾಗ ಒಡ್ದು ನೋಡಿದ್ದು?"

"ಸೋಮವಾರ."

ರಕ್ಷಿತಾ ತುಂಡನ್ನು ಮೆಲ್ಲಗೆ ಕೆಳಗಿಟ್ಟಳು.

"ನಿನ್ನೆ ನಾ ಇದ್ರಲ್ಲಿ ಹೈವೇಗೆ ಹೋಗಿ ಬಂದೆ ಅಪ್ಪಾ. ನೀನೇ ಗೇಟ್ ತೆಗ್ದೆ."

ನಿನ್ನೆ ಆ ಇಪ್ಪತ್ತು ನಿಮಿಷ ಹೇಗೆ ಕಳೆಯಿತೆಂದು ಬೊಮ್ಮಯ್ಯ ಹೇಳಬಹುದಿತ್ತು. ಅದರಿಂದ ಏನೂ ಹಗುರಾಗದೆಂದು ತೋರಿತು. ಅವಳು ಹೊರಗೆ ಹೋದಳು. ತಗಡಿನ ಗೋಡೆಯಾಚೆ ಅವಳು ಫೋನಿನಲ್ಲಿ ಯಾರಿಗೋ ಹೇಳುವುದು ಕೇಳಿಸಿತು. "ಇಲ್ಲ ಸರ್, ಈ ಸಲ ಬರೋಕಾಗೂದಿಲ್ಲ. ಗಾಡಿ ತಯಾರಾಗಿಲ್ಲ. ಇಲ್ಲ, ಯಾರದ್ದೂ ತಪ್ಪಲ್ಲ. ಮುಂದಿನ ವರ್ಷ ನೋಡ್ತೆ." ಆಮೇಲೆ ನಲ್ಲಿಯ ನೀರು ಬಿಟ್ಟ ಸದ್ದು ಬಂತು. ಅತ್ತಳೋ ಏನೋ. ಹೋಗಿ ನೋಡುವ ಧೈರ್ಯ ಅವನಿಗಾಗಲಿಲ್ಲ.

ಒಳಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಕೂದಲು ಬಿಗಿದು ಕಟ್ಟಿ, ಗೋಡೆಯ ಮೊಳೆಯಲ್ಲಿದ್ದ ಕನ್ನಡಕ ಹಾಕಿಕೊಂಡು, ಕಬ್ಬಿಣ ಕೊಯ್ಯುವ ಗ್ರೈಂಡರ್ ಕೈಗೆ ತೆಗೆದುಕೊಂಡಳು.

"ಕಾರವಾರದಲ್ಲಿ ಕಣ್ಣಿನ ಡಾಕ್ಟರು ಶನಿವಾರ ಸಿಗ್ತಾರೆ. ನನ್ ಸಂಗ್ತಿಗೆ ಬಾ," ಎಂದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ಪಂಜರ ಪೂರಾ ತೆಗೀತೆ. ಒಂದೂ ಬಿಡೂದಿಲ್ಲ. ನೀ ಒಳಗೆ ಕೂತು ಪೈಪ್ ಹಿಡ್ಕ, ಕೆಳಗೆ ಬೀಳ್ಬಾರ್ದು."

ಬೊಮ್ಮಯ್ಯ ಚಾಲಕನ ಸೀಟಿನಲ್ಲಿ ಕೂತು ತಲೆಯ ಮೇಲಿನ ಪೈಪಿಗೆ ಎರಡೂ ಅಂಗೈ ಕೊಟ್ಟ. ಗ್ರೈಂಡರ್ ಕಿರುಚಿತು. ಕಿಡಿಗಳು ಅವನ ತೋಳಿನ ಮೇಲೆ ಬಿದ್ದು ಆರಿದವು. ಮೊದಲು ಎಡದ ತುದಿ ಸಡಿಲಾಯಿತು, ಆಮೇಲೆ ಬಲದ್ದು. ಅವನು ಕಣ್ಣು ಮುಚ್ಚಿಕೊಂಡ. ಕೊನೆಯ ಎಳೆ ಹರಿದಾಗ ಪೈಪಿನ ಭಾರವೆಲ್ಲ ನಿಧಾನವಾಗಿ ಅವನ ಕೈಗೆ ಬಂತು. ಇನ್ನೂ ಬಿಸಿಯಾಗಿತ್ತು. ಅವಳು ಬಂದು ಇನ್ನೊಂದು ತುದಿ ಹಿಡಿಯುವವರೆಗೂ ಅವನು ಅದನ್ನು ಹಾಗೆಯೇ ಎತ್ತಿ ಹಿಡಿದಿದ್ದ.