ಗಿರಾಕಿಯ ಕುರ್ಚಿ

"ಹಂಗ ತಲೆ ತಗ್ಗಿಸಿ ಕುಂದ್ರಬ್ಯಾಡಲೇ ಬೋಳಿಮಗನ. ಗಿರಾಕಿ ಹಂಗ ಕುಂದ್ರು. ನಮ್ಮೋರು ಕಲೀಬೇಕಲ್ಲ" ಎಂದ ಮರಿಬಸಪ್ಪ.

ಓಬಳೇಶ ತಲೆ ಎತ್ತಿದ. ಗೋಡೆಗೆ ಒರಗಿ ನಿಂತ ಕಲಿಕೆಯವರು ನಕ್ಕರು.

ಆದೋನಿಯ ಹತ್ತಿ ಸಾಹುಕಾರ ಮರಿಬಸಪ್ಪ ಎಮ್ಮಿಗನೂರು, ಗೋನೆಗಂಡ್ಲಗಳಲ್ಲಿ ಒಂದೇ ಹೆಸರಿನ ಟಿಫಿನ್ ರೂಮು ತೆರೆಯುವವನಿದ್ದ. ಅವುಗಳ ಮ್ಯಾನೇಜರುಗಳನ್ನು ತಯಾರು ಮಾಡಲು, ಹತ್ತಿಯ ಬೀಜ ಬಿಡಿಸುವ ತನ್ನ ಜಿನ್ನಿನ ಖಾಲಿ ಗೋದಾಮಿನಲ್ಲಿ ಶಾಲೆ ನಡೆಸುತ್ತಿದ್ದ. ಮದರಾಸಿನಿಂದ ಮಾಸ್ತರನನ್ನು ಕರೆಸಿದ್ದ. ಎಲ್ಲ ಕಡೆ ಒಂದೇ ರುಚಿ, ಒಂದೇ ಮಾತು, ಒಂದೇ ನಗು. ಅಸ್ಪೃಶ್ಯರನ್ನು ಹೊರಗಿಡಬಾರದೆಂದು ಹೊಸ ಕಾನೂನು ಬಂದಮೇಲೆ ಇನ್ನೊಂದು ಪಾಠ ಸೇರಿತು: ಜಾತಿಯ ಹೆಸರೆತ್ತದೆ ಅವರನ್ನು ಎಬ್ಬಿಸಿ ಕಳಿಸುವುದು. ಅಭ್ಯಾಸಕ್ಕೆ ಒಬ್ಬ ಬೇಕಿತ್ತು. ಹಿತ್ತಲಲ್ಲಿ ಸೌದೆ ಸೀಳುತ್ತಿದ್ದ ಮಾದಿಗರ ಓಬಳೇಶನನ್ನು ತಂದು ಕೂರಿಸಿದರು.

ದಿನವೂ ಅದೇ. ಹಾಲು ಒಡೆದಿದೆ ಅನ್ನುತ್ತಿದ್ದರು. ಕುರ್ಚಿ ಬೇರೆಯವರಿಗೆಂದು ಹೇಳಿಟ್ಟಿದೆ ಅನ್ನುತ್ತಿದ್ದರು. ಬಹಳ ನಯವಾಗಿ. ಅವನು ಎದ್ದ ಕೂಡಲೇ ಕುರ್ಚಿಗೆ ನೀರು ಚಿಮುಕಿಸುತ್ತಿದ್ದರು. ಮುಂಚೆ ಓಬಳೇಶನಿಗೆ ಕಾಫಿಯ ಆಸೆಯೇ ಇರಲಿಲ್ಲ. ಈಗ ಕೊಡಲಿ ಎತ್ತಿದರೂ ಅದೇ ವಾಸನೆ. ಹೆಂಡತಿ ಹೂವಮ್ಮನಿಗೆ ಹೇಳಿದರೆ, ಗುಡಿಸಲು ಸಾಹುಕಾರನ ಜಾಗದಲ್ಲಿದೆ, ಬಾಯಿ ಮುಚ್ಚಿಕೊಂಡಿರು ಅಂದಳು.

ಪರೀಕ್ಷೆಯ ದಿನ ಮರಿಬಸಪ್ಪ ಪಕ್ಕದ ಮೇಜಿನಲ್ಲಿ ಕಾಫಿ ಇಟ್ಟುಕೊಂಡು ಕೂತ. ಕಲಿಕೆಯ ಚನ್ನಬಸಯ್ಯ ಕೈ ಮುಗಿದು ಬಂದು, ಕಾಫಿ ಮುಗಿದಿದೆಯೆಂದ.

"ಕಾಯ್ತೀನಿ" ಅಂದ ಓಬಳೇಶ.

ಮಾಸ್ತರ ತಲೆದೂಗಿದ, ಗಿರಾಕಿ ಹೀಗೂ ಅನ್ನಬಹುದು. ಚನ್ನಬಸಯ್ಯ ಹಾಲಿನ ಮಾತು ತೆಗೆದ. ಓಬಳೇಶ ಬರೀ ಡಿಕಾಕ್ಷನ್ ಸಾಕೆಂದ. ಕುರ್ಚಿಯ ಮಾತು ಬಂತು. ಅವರು ಬರಲಿ, ಆಗ ಏಳುತ್ತೇನೆಂದ. ಚನ್ನಬಸಯ್ಯ ಕಲಿತ ಮಾತುಗಳು ಮುಗಿದವು.

"ಸಾಕು, ಏಳಲೇ" ಅಂದ ಮರಿಬಸಪ್ಪ.

"ಕಾಫಿ ಕುಡದು ಏಳ್ತೀನ್ರಿ."

"ಸೂಳೆಮಗನ, ಇದು ಪಾಠ. ಖರೇ ಅಂತ ತಿಳಕೊಂಡೀ ಏನು?"

"ನಂಗ ದಿನಾ ಖರೇನ ಇತ್ತು, ಧಣಿ."

ಎಳೆದು ಹಾಕಿರೆಂದು ಸಾಹುಕಾರ ಕೂಗಿದ. ಯಾರೂ ಮುಂದೆ ಬರಲಿಲ್ಲ. ಸ್ನಾನ, ಪೂಜೆ ಮುಗಿಸಿ ಬಂದವರು. ಮುಟ್ಟಿದರೆ ಮತ್ತೆ ಮೈತೊಳೆಯಬೇಕು. ಮುಟ್ಟಬಾರದ್ದನ್ನು ಎತ್ತಿ ಹೊರಗೆ ಹಾಕಬೇಕಾದಾಗಲೆಲ್ಲ ಆ ಗೋದಾಮಿನಲ್ಲಿ ಕೂಗುತ್ತಿದ್ದದ್ದು ಓಬಳೇಶನನ್ನೇ.

ಅವನು ಪಕ್ಕದ ಮೇಜಿಗೆ ಕೈ ಚಾಚಿ ಮರಿಬಸಪ್ಪನ ಲೋಟ ತೆಗೆದುಕೊಂಡ. ಕೆನೆ ಕಟ್ಟಿತ್ತು. ಗುಟುಕರಿಸಿದ. ಸಾಹುಕಾರ ಮೈ ಸೋಂಕದಂತೆ ಹಿಂದೆ ಸರಿಯುತ್ತಾ ಹೊರಗೆ ಹೋದ. ಉಳಿದವರು ಅವನ ಹಿಂದೆ. ಬಾಗಿಲು ಮುಚ್ಚಿತು, ಹೊರಗಿನಿಂದ ಚಿಲಕ ಬಿತ್ತು.

"ಜಿನ್ನಿಗೆ ಹೋಗಿ ಕೋಲು ತರ್ರಿ" ಎಂದ ಮರಿಬಸಪ್ಪನ ದನಿ ಕೇಳಿಸಿತು. "ಉದ್ದನ್ನವು ತರ್ರಿ."

ಹಿತ್ತಲ ಕಡೆಯಿಂದ ಹೂವಮ್ಮ ಅವನ ಹೆಸರು ಹಿಡಿದು ಕರೆಯುತ್ತಿದ್ದಳು. ಓಬಳೇಶ ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಲ್ಲಿ ತೆಗೆದು ನೆಕ್ಕಿದ. ಚಿಲಕ ಸರಿದ ಸದ್ದಾಯಿತು.