ಒಂಟಿಬಾಯಿ ಹೆಡ್ಡು, ಜೋಡಿಬಾಯಿ ಹೆಡ್ಡು

ಮಿಶ್ರಿಕೋಟಿಯಲ್ಲಿ ಬೀಜದ ಅಂಗಡಿ ನಡೆಸುವ ರೋಹಿಣಿಗೆ ಮಾವನಿಂದ ಬಂದ ಒಂದು ಹಳೆಯ ಕಾರಿತ್ತು. ದುಂಡನೆಯ ಬೆನ್ನು, ಹಿಂಬದಿಗೆ ಎಂಜಿನ್ನು. ಅದಕ್ಕೆ ರೇಡಿಯೇಟರೂ ಇಲ್ಲ, ನೀರೂ ಇಲ್ಲ. ಒಳಗಿನ ಫ್ಯಾನು ಬೀಸುವ ಗಾಳಿಯಿಂದಲೇ ಎಂಜಿನ್ನು ತಣ್ಣಗಾಗಬೇಕು. ಈ ಬೇಸಿಗೆಯಲ್ಲಿ ಬೀಜದ ಚೀಲ ಹೇರಿಕೊಂಡು ತಂಬೂರಿನ ಕಡೆ ಹೊರಟಾಗ ಏರಿನಲ್ಲಿ ಕಾರು ಏದುಸಿರು ಬಿಡತೊಡಗಿತು.

ಕಲಘಟಗಿಯಲ್ಲಿ ಲೇತ್ ಯಂತ್ರ ಇಟ್ಟುಕೊಂಡು ಎಂಜಿನ್ನು ರಿಪೇರಿ ಮಾಡುವ ಶಮೀಮಾಬಿ ಎಂಜಿನ್ನು ಬಿಚ್ಚಿ, ಸಿಲಿಂಡರುಗಳ ಮುಚ್ಚಳದಂತಿರುವ ಎರಡೂ ಹೆಡ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ವಾಲ್ವ್ ಕುಂದ್ರೂ ಜಾಗ ಸವದಾವ, ತಂಗೀ. ಹೊಸಾ ಸೀಟ್ ಹಾಕಿದ್ರ ಇನ್ನೂ ಇಪ್ಪತ್ತು ವರ್ಷ ಓಡ್ತಾವ."

ಅಷ್ಟರಲ್ಲಿ ರೋಹಿಣಿಯ ಅಣ್ಣ ಗೌರೀಶ ಅಳ್ನಾವರದಿಂದ ಬಂದಿಳಿದ. ಗೋವಾದಲ್ಲಿ ಯಾರ ಬಳಿಯೋ ಸಿಕ್ಕಿದ ಹೊಸ ಹೆಡ್ಡಿನ ಜೋಡಿ ಅವನ ಕೈಯಲ್ಲಿತ್ತು. ಹಳೆಯದರಲ್ಲಿ ಎರಡು ಸಿಲಿಂಡರಿಗೂ ಸೇರಿ ಉಸಿರೆಳೆಯಲು ಒಂದೇ ಬಾಯಿ. ಹೊಸದರಲ್ಲಿ ಒಂದೊಂದಕ್ಕೂ ಬೇರೆ ಬೇರೆ ಬಾಯಿ.

"ನೋಡ್ರಿ ಆಪಾ, ಇದಕ್ಕ ಉಸಿರು ಜಾಸ್ತಿ. ಗಾಡಿ ಹಾರ್ತೈತ್ರಿ!" ಎಂದು ಗೌರೀಶ ಶಮೀಮಾಬಿಗೆ ಹೇಳಿದ.

"ಹಾರೂದು ಆಮ್ಯಾಲ ನೋಡೂಣು. ಮೊದಲ ತಂಪಾಗ್ತೈತೇನು, ಅದನ್ನ ನೋಡೂಣು," ಎಂದರು ಶಮೀಮಾಬಿ.

ಭಾನುವಾರ ಮಧ್ಯಾಹ್ನ ಶಮೀಮಾಬಿ ತಮ್ಮ ಮನೆಯ ಹಿತ್ತಲಲ್ಲಿ ಸ್ನಾನದ ಹಂಡೆಯನ್ನು ಒಲೆಗೇರಿಸಿ, ಒಂದು ಹಳೆಯ ಹೆಡ್ಡನ್ನೂ ಒಂದು ಹೊಸದನ್ನೂ ಕುದಿಯುವ ನೀರಿಗೆ ಇಳಿಸಿದರು. ಎರಡೂ ಸಮನಾಗಿ ಕಾದ ಮೇಲೆ ಹೊರತೆಗೆದು ಒಂದೇ ಫ್ಯಾನಿನ ಎದುರು ಸಾಲಾಗಿಟ್ಟರು. ಸ್ಪಾರ್ಕ್ ಪ್ಲಗ್ಗು ಕೂರುವ ಜಾಗದ ಪಕ್ಕದಲ್ಲಿ, ಎರಡರ ಮೇಲೂ ಒಂದೊಂದು ಹನಿ ಮೇಣ ಬಿಟ್ಟರು. ಯಾವ ಹನಿ ಮೊದಲು ಹೆಪ್ಪುಗಟ್ಟುತ್ತದೋ ಅದು ಬೇಗ ತಣಿಯುವ ಹೆಡ್ಡು. ರೋಹಿಣಿ ಮೊಬೈಲಿನಲ್ಲಿ ಹೊತ್ತು ನೋಡುತ್ತ ಕುಳಿತಳು.

ಹಳೆಯದರ ಹನಿ ಒಂಬತ್ತು ನಿಮಿಷಕ್ಕೆ ಬೆಳ್ಳಗಾಯಿತು. ಹೊಸದರದ್ದು ಹದಿಮೂರಾದರೂ ಮಿರುಗುತ್ತಲೇ ಇತ್ತು. ಗೌರೀಶನ ಮುಖ ಸಣ್ಣದಾಯಿತು.

ಶಮೀಮಾಬಿ ನಗಲಿಲ್ಲ. ಹೊಸ ಹೆಡ್ಡನ್ನು ಬಟ್ಟೆಯಲ್ಲಿ ಹಿಡಿದೆತ್ತಿ, ಅದರ ತಗಡಿನಂಥ ಪದರಗಳ ನಡುವಿನಿಂದ ಆಕಾಶ ನೋಡಿದರು. ಕಾಣಲಿಲ್ಲ. ಅಚ್ಚಿಗೆ ಹೊಯ್ದಾಗ ಉಳಿದ ಲೋಹ ಸಂದುಗಳಲ್ಲಿ ತೆಳುವಾಗಿ ಅಂಟಿಕೊಂಡು ಗಾಳಿಯ ದಾರಿ ಮುಚ್ಚಿತ್ತು.

"ಇದರ ತಪ್ಪಲ್ಲ. ಮೂಗು ಕಟ್ಟೇತಿ ಅಷ್ಟ," ಎಂದು ಅವರು ಸಪೂರ ಅರವೊಂದನ್ನು ಗೌರೀಶನ ಕೈಗಿಟ್ಟರು.

ಗೌರೀಶ ಅಂಗಿಯ ತೋಳು ಮಡಚಿ ಎರಡು ತಾಸು ಆ ಸಂದುಗಳನ್ನು ಉಜ್ಜಿದ. ಮತ್ತೆ ಕಾಯಿಸಿ, ಮತ್ತೆ ಹನಿ ಬಿಟ್ಟಾಗ ಎರಡರ ನಡುವೆ ಅರ್ಧ ನಿಮಿಷದ ಅಂತರವೂ ಉಳಿಯಲಿಲ್ಲ.

"ಈಗ ಎರಡೂ ಛಲೋ ಅದಾವ," ಎಂದ ಶಮೀಮಾಬಿ ರೋಹಿಣಿಯ ಕಡೆ ತಿರುಗಿದರು. "ನೀ ಗಾಡಿ ಎಷ್ಟು ಜೋರ ಹೊಡೀತಿ?"

"ನಲವತ್ತು, ಭಾಳಂದ್ರ ಐವತ್ತು, ಆಪಾ. ಹಿಂದ ಬೀಜದ ಚೀಲ ಇರ್ತಾವಲ್ಲ."

"ಹಂಗಾರ ಒಂಟಿಬಾಯೇ ಸಾಕು. ನೀರಿನ ಪೈಪಿನ ಬಾಯಿ ಹಿಚುಕಿದ್ರ ಧಾರಿ ಹೆಂಗ ಬಿರುಸಾಗ್ತೈತಿ? ಮೆಲ್ಲಕ ಹೋಗೂವಾಗ ಗಾಳಿನೂ ಹಂಗ, ಸಣ್ಣ ದಾರಿಯೊಳಗ ಬಿರುಸಾಗಿ ಬರ್ತೈತಿ. ಎಂಜಿನ್ ಛಲೋ ಎಳೀತೈತಿ. ಓಟಕ್ಕ ಬೇಕಂದ್ರ ಜೋಡಿಬಾಯಿ."

ರೋಹಿಣಿ ಅಣ್ಣನ ಮುಖ ನೋಡಿದಳು. ಅಷ್ಟು ದೂರದಿಂದ ಹೊತ್ತು ತಂದವನು.

"ನನ್ನ ಮುಖಾ ಯಾಕ ನೋಡ್ತಿ ಬೇ? ಗಾಡಿ ನಿಂದು," ಎಂದ ಗೌರೀಶ. ಕೈಗಂಟಿದ ಲೋಹದ ಪುಡಿ ಒರೆಸಿಕೊಂಡು, "ವಾಲ್ವ್ ಉಜ್ಜೂದು ನನಗ ಬಿಡ್ರಿ, ಆಪಾ. ಕೈ ಈಗ ಪಳಗೇತಿ," ಎಂದು ನಕ್ಕ.

ನಾಲ್ಕನೆಯ ದಿನ, ಹೊಸ ಸೀಟು ಹಾಕಿದ ಹಳೆಯ ಹೆಡ್ಡುಗಳೊಂದಿಗೇ ಕಾರು ಸಿದ್ಧವಾಯಿತು. ತಂಬೂರಿನ ದಾರಿಯಲ್ಲೇ ಪರೀಕ್ಷೆ ಮಾಡುವುದೆಂದಾಯಿತು. ರೋಹಿಣಿ ಬೀಗದ ಕೈಯನ್ನು ಶಮೀಮಾಬಿಯ ಮುಂದೆ ಹಿಡಿದಳು.

"ನಾನಾ?" ಎಂದರು ಅವರು. ಮೂವತ್ತು ವರ್ಷ ಊರವರ ಎಂಜಿನ್ನು ಬಿಚ್ಚಿ ಜೋಡಿಸಿದವರು ಓಡಿಸಿದ್ದು ತಮ್ಮನ ಟ್ರ್ಯಾಕ್ಟರ್ ಒಂದನ್ನೇ.

"ನೀವ ರೀ. ನಾ ಬಾಜೂಕ ಕೂಡ್ತೀನಿ."

ಗೌರೀಶ ಮೊಣಕಾಲು ಮಡಚಿಕೊಂಡು ಹಿಂದಿನ ಸೀಟಿನಲ್ಲಿ ತೂರಿಕೊಂಡ. ಶಮೀಮಾಬಿ ಸೆರಗು ಬಿಗಿದುಕೊಂಡು ಗೇರು ಹಾಕಿದರು. ಏರು ಬಂದಾಗ ಮೂವರೂ ಮಾತು ನಿಲ್ಲಿಸಿ ಕಿವಿಗೊಟ್ಟರು. ಎಂಜಿನ್ನು ತಡವರಿಸದೆ ಒಂದೇ ದನಿಯಲ್ಲಿ ಹತ್ತಿತು. ಮೇಲೆ ಹುಣಸೆ ಮರದ ಹತ್ತಿರ ಕಾರು ತಿರುಗಿಸಲು ರೋಹಿಣಿ ಹೇಳಿದಳು.

"ಇನ್ನೊಂದೀಟು ಮುಂದ ಹೋಗೂಣು ತಡೀ," ಎಂದ ಶಮೀಮಾಬಿ ಕಾರು ನಿಲ್ಲಿಸಲಿಲ್ಲ.